ದಾನ, ದ್ರವ್ಯ ಮತ್ತು ಅಭಯ

ಶ್ರಾವಕನ ನಿತ್ಯ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸುಗಳ ಬಳಿಕ ಆರನೆಯದಾಗಿ ದಾನವನ್ನು ಹೇಳಲಾಗಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಜೈನ ಮನೆಗಳ ಚಿಕ್ಕ ಮಕ್ಕಳೂ ಬಲ್ಲರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಕನ್ನಡ ನಾಡು ಸಾವಿರ ವರ್ಷಗಳಿಂದ ‘ದಾನಚಿಂತಾಮಣಿ’ ಎಂದೇ ನೆನೆಯುತ್ತಿದೆ. ಇಂತಹ ಪರಂಪರೆಯುಳ್ಳ ಸಮಾಜದಲ್ಲಿ ದಾನ ಮಾಡಬೇಕೇ ಎಂಬ ಪ್ರಶ್ನೆ ಏಳುವುದಿಲ್ಲ. ಏನನ್ನು ಕೊಡಬೇಕು, ಹೇಗೆ ಕೊಡಬೇಕು ಎಂಬ ಪ್ರಶ್ನೆ ಮಾತ್ರ ಕಾಲಕಾಲಕ್ಕೆ ಹೊಸದಾಗಿ ಏಳುತ್ತದೆ.

ಬಸದಿಗಳ ಟ್ರಸ್ಟುಗಳು ಮಹಾವೀರ ಜಯಂತಿಯಂದು, ದಶಲಕ್ಷಣ ಪರ್ವದಲ್ಲಿ, ಬರಗಾಲದಲ್ಲಿ, ನೆರೆ ಬಂದಾಗ ಅಕ್ಕಿ, ಬೇಳೆ, ಕಂಬಳಿ, ನೋಟುಪುಸ್ತಕಗಳನ್ನು ಹಂಚುವುದು ವಾಡಿಕೆ. ಇವುಗಳ ಬದಲು ಬಡ ಕುಟುಂಬದ ಕೈಗೆ ಹಣವನ್ನೇ ಕೊಡಬಾರದೇಕೆ ಎಂದು ಯಾರಾದರೂ ಕೇಳಿದರೆ ಸಭೆಯಲ್ಲಿ ಒಂದು ಬಗೆಯ ಅಳುಕು ಕಾಣಿಸುತ್ತದೆ. “ಅಕ್ಕಿ ಕೊಟ್ಟರೆ ಉಂಡಾರು, ಹಣ ಕೊಟ್ಟರೆ ಕುಡಿದಾರು” ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಆ ಮಾತಿನ ಹಿಂದೆ ದುರುದ್ದೇಶವಿಲ್ಲ. ಆದರೆ ಅದು ಸತ್ಯವೇ ಎಂಬುದನ್ನು ಪರೀಕ್ಷಿಸದೆ ಒಪ್ಪುವುದು ಸತ್ಯಾಣುವ್ರತವನ್ನು ಹಿಡಿದವರಿಗೆ ಸಲ್ಲುವ ರೀತಿಯಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಭಿನ್ನವಾಗುತ್ತದೆಂದು ತಿಳಿಸಿದ್ದಾರೆ. ಸಭೆಗಳ ಚರ್ಚೆಯೆಲ್ಲ ಬಹುಮಟ್ಟಿಗೆ ಪಾತ್ರನ ಯೋಗ್ಯತೆಯ ಸುತ್ತಲೇ ಸುತ್ತುತ್ತದೆ. ದ್ರವ್ಯದ ವಿಷಯ ಹಿಂದುಳಿಯುತ್ತದೆ. ಹಣವೆಂಬ ದ್ರವ್ಯವು ಒಂದು ಹಳ್ಳಿಯ ಮನೆಯೊಳಕ್ಕೆ ತಿಂಗಳು ತಿಂಗಳೂ ಬಂದಾಗ ಅಲ್ಲಿಯ ದಿನಚರಿಯಲ್ಲಿ ಏನಾಗುತ್ತದೆ ಎಂಬುದನ್ನು ಊಹೆಯಿಂದಲ್ಲದೆ ನಡೆದ ಸಂಗತಿಗಳಿಂದ ತಿಳಿಯಲು ಈಗ ಸಾಧ್ಯವಿದೆ.

ಇಂತಹ ಒಂದು ಪ್ರಯೋಗ 2011 ಮತ್ತು 2012ರಲ್ಲಿ ಮಧ್ಯಪ್ರದೇಶದ ಇಂದೋರ್ ಸೀಮೆಯ ಹಳ್ಳಿಗಳಲ್ಲಿ ನಡೆಯಿತು. ಸ್ವ-ಉದ್ಯೋಗಿ ಮಹಿಳೆಯರ ಸಂಘವಾದ ‘ಸೇವಾ’ ಸಂಸ್ಥೆಯು ಯೂನಿಸೆಫ್‌ನ ನೆರವಿನಿಂದ ಅದನ್ನು ನಡೆಸಿತು. ಎಂಟು ಹಳ್ಳಿಗಳಲ್ಲಿ ವಾಸವಾಗಿದ್ದ ಪ್ರತಿಯೊಬ್ಬರಿಗೂ, ಬಡವ ಬಲ್ಲಿದನೆಂಬ ಭೇದವಿಲ್ಲದೆ, ಯಾವ ಷರತ್ತೂ ಇಲ್ಲದೆ ತಿಂಗಳ ಹಣ ಕೊಡಲಾಯಿತು. ವಯಸ್ಕರಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ. ಒಂದು ವರ್ಷದ ಬಳಿಕ ಅದು 300 ಮತ್ತು 150ಕ್ಕೆ ಏರಿತು. ಮಕ್ಕಳ ಪಾಲು ತಾಯಿಯ ಕೈ ಸೇರುತ್ತಿತ್ತು. ಹೋಲಿಕೆಗಾಗಿ ಹಣ ಕೊಡದ ಹನ್ನೆರಡು ಹಳ್ಳಿಗಳ ಸ್ಥಿತಿಗತಿಯನ್ನೂ ಜೊತೆಜೊತೆಗೆ ದಾಖಲಿಸಲಾಯಿತು. ಇದಲ್ಲದೆ ಒಂದು ಬುಡಕಟ್ಟು ಹಳ್ಳಿಯಲ್ಲಿಯೂ ಪ್ರತ್ಯೇಕವಾಗಿ ಇದೇ ಪ್ರಯೋಗ ನಡೆಯಿತು. ಸರತ್ ದಾವಲ, ರೆನಾನಾ ಝಾಬ್‌ವಾಲಾ, ಸೌಮ್ಯಾ ಕಪೂರ್ ಮೆಹ್ತಾ ಮತ್ತು ಗೈ ಸ್ಟಾಂಡಿಂಗ್ ಅವರು ಇದರ ವಿವರಗಳನ್ನು 2015ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಗಂಡ, ಹೆಂಡತಿ, ಮೂವರು ಮಕ್ಕಳಿರುವ ಮನೆಗೆ ಈ ಲೆಕ್ಕದಂತೆ ಮೊದಲು ತಿಂಗಳಿಗೆ 700 ರೂಪಾಯಿ, ಮುಂದೆ 1,050 ರೂಪಾಯಿ ಬಂದಿತು. ಪಟ್ಟಣದ ವರ್ತಕನಿಗೆ ಇದು ಅತ್ಯಲ್ಪ ಮೊತ್ತವಾಗಿ ತೋರಬಹುದು. ಆದರೆ ವರ್ತಕನೇ ಇದರ ಮಹತ್ತ್ವವನ್ನು ಬೇಗ ಅರಿಯಬಲ್ಲನು. ಲಾಭದಲ್ಲಿರುವ ಅಂಗಡಿಯೂ ಕೈಯಲ್ಲಿ ನಗದಿಲ್ಲದೆ ಮುಚ್ಚಿಹೋಗುವುದುಂಟು ಎಂಬುದು ವ್ಯಾಪಾರದಲ್ಲಿದ್ದವರೆಲ್ಲ ಕಂಡ ವಿಷಯ. ಬಡ ರೈತನ ಸಂಸಾರವೂ ಅಂತಹುದೇ. ಮಾಳ್ವದ ಕಪ್ಪು ನೆಲದಲ್ಲಿ ಮುಂಗಾರಿಗೆ ಸೋಯಾ, ಹಿಂಗಾರಿಗೆ ಗೋಧಿ ಕಡಲೆ. ವರಮಾನ ಬರುವುದು ವರ್ಷದಲ್ಲಿ ಎರಡು ಬಾರಿ. ಹಸಿವು ಬರುವುದು ದಿನಕ್ಕೆ ಎರಡು ಬಾರಿ. ಈ ಎರಡರ ನಡುವಿನ ಅಂತರವನ್ನು ತುಂಬುವವನು ಸಾಹುಕಾರ. ಬಿತ್ತನೆಗೆ ಸಾಲ, ಮಗುವಿನ ಜ್ವರಕ್ಕೆ ಸಾಲ, ಹಬ್ಬಕ್ಕೆ ಸಾಲ. ಆ ಸಾಲದ ತೀರುವಳಿಗೆ ಬೆಳೆಯನ್ನು ಕಣದಲ್ಲಿಯೇ, ಬೆಲೆ ಕೆಳಗಿರುವ ದಿನದಲ್ಲಿಯೇ ಮಾರಬೇಕು. ಎಣ್ಣೆಯನ್ನು ಸೇರಿನ ಲೆಕ್ಕದಲ್ಲಿ ಕೊಳ್ಳಲಾರದೆ ದಿನದಿನಕ್ಕೆ ಚಟಾಕಿನ ಲೆಕ್ಕದಲ್ಲಿ ಕೊಳ್ಳುವವನು ಅದೇ ಎಣ್ಣೆಗೆ ಹೆಚ್ಚು ಬೆಲೆ ತೆರುತ್ತಾನೆ. ಬಡವನು ಬಡವನಾಗಿರುವುದಕ್ಕೇ ಹೀಗೆ ಒಂದು ಸುಂಕವನ್ನು ಕೊಡುತ್ತಿರುತ್ತಾನೆ.

ಅಲ್ಪವೇ ಆದರೂ ಖಚಿತವಾದ ಹಣ ಪ್ರತಿ ತಿಂಗಳೂ ಬರತೊಡಗಿದಾಗ ಈ ಲೆಕ್ಕ ಸಡಿಲವಾಯಿತು. ಹಣ ಬಂದ ಹಳ್ಳಿಗಳ ಊಟದಲ್ಲಿ ಬೇಳೆ ಕಾಳುಗಳೂ ಹಸಿ ತರಕಾರಿಗಳೂ ಹೆಚ್ಚಿದವು. ಮಕ್ಕಳ ತೂಕ ವಯಸ್ಸಿಗೆ ತಕ್ಕಂತೆ ಸುಧಾರಿಸಿತು. ಆ ಸುಧಾರಣೆ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿತ್ತು. ಅರ್ಧಕ್ಕೆ ನಿಲ್ಲಿಸುತ್ತಿದ್ದ ಔಷಧವನ್ನು ಪೂರ್ತಿ ತೆಗೆದುಕೊಳ್ಳುವ ಕ್ರಮ ಬಂದಿತು. ಶಾಲೆಯ ಹಾಜರಿ ಸುಧಾರಿಸಿತು. ರೈತರು ಪರರ ಹೊಲದ ಕೂಲಿಯನ್ನು ತಗ್ಗಿಸಿ ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು. ಪುಕ್ಕಟೆ ಹಣ ಸೋಮಾರಿತನವನ್ನು ಬೆಳೆಸುತ್ತದೆಂಬ ಭಯ ಅಲ್ಲಿ ನಿಜವಾಗಲಿಲ್ಲ. ಕುಡಿತಕ್ಕೆ ಹಣ ಹರಿದುಹೋಯಿತೆಂಬುದೂ ಕಂಡುಬರಲಿಲ್ಲ. ಇದು ಒಂದು ಸೀಮೆಯ ವಿಶೇಷವೂ ಅಲ್ಲ. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ ಅವರು 2014ರಲ್ಲಿ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ನಗದು ನೆರವಿನಿಂದ ಮದ್ಯ ಮತ್ತು ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚಿಲ್ಲವೆಂದೇ ಕಂಡುಬಂದಿತು. ಕುಡಿಯುವವನು ಹಣವಿಲ್ಲದಿದ್ದಾಗಲೂ ಕುಡಿಯುತ್ತಾನೆ. ಆದರೆ ಕುಡಿಯದವನನ್ನು ತಿಂಗಳ ಹಣ ಕುಡುಕನನ್ನಾಗಿ ಮಾಡುವುದಿಲ್ಲ.

ಬುಡಕಟ್ಟು ಹಳ್ಳಿಯಿಂದ ಬಂದ ಇನ್ನೊಂದು ಸಂಗತಿ ಜೈನ ಓದುಗನ ವಿಶೇಷ ಗಮನಕ್ಕೆ ಅರ್ಹವಾದುದು. ಅಲ್ಲಿ ‘ನೌಕರ್’ ಎಂಬ ಪದ್ಧತಿಯಿತ್ತು. ಸಾಲ ಪಡೆದವನು ಅದರ ತೀರುವಳಿಗಾಗಿ ಜಮೀನ್ದಾರನಲ್ಲಿ ವರ್ಷಗಟ್ಟಲೆ ದುಡಿಯಬೇಕು. ತನ್ನ ಹೊಲಕ್ಕೆ ಮಳೆ ಬಿದ್ದ ದಿನವೂ ಅವನು ಪರರ ನೇಗಿಲ ಹಿಂದೆಯೇ ಇರಬೇಕು. ತಿಂಗಳ ಹಣ ಬಂದ ಬಳಿಕ ಕೆಲವರು ಈ ಕಟ್ಟಿನಿಂದ ಬಿಡಿಸಿಕೊಂಡರು, ಕೆಲವರು ಹೊಸದಾಗಿ ಅದಕ್ಕೆ ಬೀಳುವುದು ತಪ್ಪಿತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕಡೆಯದು ಅನ್ನಪಾನನಿರೋಧ. ಹಗ್ಗದಿಂದ ಕಟ್ಟಿದರೆ ಮಾತ್ರ ಬಂಧವಲ್ಲ, ಸಾಲಪತ್ರದಿಂದ ಕಟ್ಟಿದರೂ ಅದು ಬಂಧವೇ. ಅದನ್ನು ಬಿಡಿಸುವುದು ಯಾವ ದಾನ? ಅದು ಆಹಾರದಾನವಲ್ಲ, ಔಷಧದಾನವಲ್ಲ. ಅಭಯದಾನವೆಂದೇ ಹೇಳಬೇಕಾಗುತ್ತದೆ.

ಅಭಯದಾನವೆಂದೊಡನೆ ಕಸಾಯಿಖಾನೆಗೆ ಹೊರಟ ಪಶುವನ್ನು ಬಿಡಿಸುವ ಚಿತ್ರ ಸಾಮಾನ್ಯವಾಗಿ ಮನಸ್ಸಿಗೆ ಬರುತ್ತದೆ. ಅದು ಸರಿಯೇ. ಆದರೆ ಮನುಷ್ಯನಿಗೂ ಭಯವುಂಟು. ನಾಳೆ ಮಗುವಿಗೆ ಜ್ವರ ಬಂದರೆ ಯಾರ ಬಾಗಿಲಿಗೆ ಹೋಗಲಿ ಎಂಬ ತಾಯಿಯ ಭಯ, ಸಾಹುಕಾರನ ಆಳು ಅಂಗಳದಲ್ಲಿ ನಿಂತಾಗ ಮನೆಯೊಳಗಿನವರಿಗೆ ಆಗುವ ಭಯ. ಒಂದು ಚೀಲ ಅಕ್ಕಿ ಒಂದು ತಿಂಗಳ ಹಸಿವನ್ನು ನೀಗಬಹುದು, ಆದರೆ ಈ ಭಯವನ್ನು ನೀಗಲಾರದು. ಏಕೆಂದರೆ ಮುಂದೆ ಬರುವ ಕಷ್ಟ ಯಾವ ರೂಪದಲ್ಲಿ ಬರುವುದೆಂದು ಯಾರಿಗೂ ತಿಳಿಯದು. ಜ್ವರಕ್ಕೆ ಅಕ್ಕಿ ಔಷಧವಾಗುವುದಿಲ್ಲ, ಬಿತ್ತನೆಗೆ ಕಂಬಳಿ ಬೀಜವಾಗುವುದಿಲ್ಲ. ಹಣವೊಂದೇ ಬಂದ ಕಷ್ಟದ ರೂಪವನ್ನು ತಾಳಬಲ್ಲ ದ್ರವ್ಯ.

ಹಣವನ್ನು ಕೊಡುವ ಕ್ರಮವೂ ಫಲವನ್ನು ಬದಲಿಸುತ್ತದೆಂಬುದು ದೂರದ ಕೀನ್ಯಾ ದೇಶದಲ್ಲಿ ಕಂಡುಬಂದಿದೆ. ಅಲ್ಲಿಯ ಪಶ್ಚಿಮ ಭಾಗದ ರಾರಿಯೆಡಾ ಎಂಬಲ್ಲಿ 2011ರಿಂದ 2013ರವರೆಗೆ ‘ಗಿವ್‌ಡೈರೆಕ್ಟ್ಲಿ’ ಎಂಬ ಸಂಸ್ಥೆಯು ಹುಲ್ಲಿನ ಮಾಡಿನ ಮನೆಗಳವರಿಗೆ ಮೊಬೈಲ್ ಮೂಲಕ ಹಣ ಕಳುಹಿಸಿತು. ಕೆಲವರಿಗೆ ತಿಂಗಳ ಕಂತುಗಳಲ್ಲಿ, ಕೆಲವರಿಗೆ ಒಟ್ಟಾಗಿ ಒಂದೇ ಗಂಟಿನಲ್ಲಿ. ಕಂತಿನಲ್ಲಿ ಪಡೆದವರ ಮನೆಯಲ್ಲಿ ಊಟದ ಭದ್ರತೆ ಹೆಚ್ಚಿತು. ಗಂಟಾಗಿ ಪಡೆದವರು ಬಾಳಿಕೆ ಬರುವ ವಸ್ತುಗಳಿಗೆ ಹೆಚ್ಚು ಹಾಕಿದರು. ಹಣ ಪಡೆದ ಅನೇಕರು ಹುಲ್ಲು ತೆಗೆದು ತಗಡಿನ ಮಾಡು ಹಾಕಿಸಿದರು. ಪದೇ ಪದೇ ಹುಲ್ಲು ಹೊದಿಸುವ ಖರ್ಚು ಅದರಿಂದ ಉಳಿಯಿತು. ಹೊರಗಿನವನು ಆ ಮನೆಗೆ ಮಾಡು ಬೇಕೋ ಹಸು ಬೇಕೋ ಎಂದು ನಿರ್ಣಯಿಸಲಾರನು. ಮಳೆಗಾಲದಲ್ಲಿ ಅದರ ಕೆಳಗೆ ಮಲಗುವವನು ನಿರ್ಣಯಿಸಬಲ್ಲನು.

ಅದೇ ಸೀಮೆಯ 653 ಹಳ್ಳಿಗಳನ್ನು ಒಳಗೊಂಡು 10,500ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕೊಟ್ಟ ಒಂದು ಡಾಲರ್ ಆ ಪ್ರದೇಶದ ಅಂಗಡಿ, ಕಸಬು, ಕೂಲಿಗಳ ಮೂಲಕ ಕೈಯಿಂದ ಕೈಗೆ ಸಾಗಿ ಸುಮಾರು ಎರಡೂವರೆ ಡಾಲರಿನಷ್ಟು ವಹಿವಾಟನ್ನು ಹುಟ್ಟಿಸಿತೆಂದೂ ಬೆಲೆಗಳು ಹೆಚ್ಚುಕಡಿಮೆ ಏರಲೇ ಇಲ್ಲವೆಂದೂ ಅದರಿಂದ ತಿಳಿದುಬರುತ್ತದೆ. ಪಟ್ಟಣದಿಂದ ಲಾರಿಯಲ್ಲಿ ಅಕ್ಕಿ ತಂದು ಹಂಚಿದಾಗ ಹಳ್ಳಿಯ ಅಂಗಡಿಯವನ ವ್ಯಾಪಾರ ಆ ತಿಂಗಳು ನಿಲ್ಲುತ್ತದೆ. ಹಣ ಹಂಚಿದಾಗ ಅದು ನಡೆಯುತ್ತದೆ. ವ್ಯಾಪಾರದಿಂದಲೇ ಬಾಳುವ ಸಮಾಜಕ್ಕೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಕರ್ನಾಟಕದಲ್ಲಿಯೂ ಈ ವಿಷಯ ಈಗ ಮನೆಮನೆಯ ಮಾತಾಗಿದೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ದೊರೆಯಿತು. ಅದೇ ವರ್ಷದ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ದೊರೆಯದೆ ಹೋದಾಗ ಸರಕಾರವು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಗಳನ್ನು ಖಾತೆಗೆ ಹಾಕಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡತೊಡಗಿತು. ಈ ಯೋಜನೆಗಳ ರಾಜಕೀಯ ಇಲ್ಲಿ ಪ್ರಸ್ತುತವಲ್ಲ. ಆದರೆ ಕಂತು ತಡವಾದ ತಿಂಗಳುಗಳಲ್ಲಿ ಬ್ಯಾಂಕಿನ ಬಾಗಿಲಿಗೆ ಎರಡು ಮೂರು ಬಾರಿ ಬಂದು ಹಿಂತಿರುಗಿದ ಹೆಂಗಸರು ಒಂದು ಪಾಠವನ್ನು ಕಲಿಸಿದ್ದಾರೆ. ನೆರವಿನ ಮೊತ್ತದಷ್ಟೇ ಅದರ ದಿನಾಂಕವೂ ಮುಖ್ಯ. ಬರುವುದೆಂದು ನಂಬಿ ಅಂಗಡಿಯಲ್ಲಿ ಕಡ ಹೇಳಿದ ಹಣ ಬಾರದಿದ್ದರೆ, ಹೋಗಬೇಕಾಗಿದ್ದ ಭಯವೇ ಬಡ್ಡಿಸಹಿತ ಮರಳುತ್ತದೆ. ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಆಚಾರ್ಯರು ‘ಕಾಲಾತಿಕ್ರಮ’ವನ್ನು, ಎಂದರೆ ಕಾಲ ಮೀರಿ ಕೊಡುವುದನ್ನು ಎಣಿಸಿದ್ದಾರೆ. ಅದು ಮುನಿಗಳ ಆಹಾರದಾನವನ್ನು ಕುರಿತ ಮಾತಾದರೂ ಅದರೊಳಗಿನ ವಿವೇಕ ಎಲ್ಲ ದಾನಕ್ಕೂ ಅನ್ವಯಿಸುತ್ತದೆ. ಬಿತ್ತನೆ ಮುಗಿದ ಮೇಲೆ ಬಂದ ಬೀಜದ ಹಣ ಅರ್ಧ ದಾನ.

ಇನ್ನು ಜೈನನ ಮನಸ್ಸನ್ನು ನಿಜವಾಗಿ ಕಾಡುವ ಪ್ರಶ್ನೆಗೆ ಬರಬೇಕು. ಕುಡಿತದ ಆಕ್ಷೇಪಕ್ಕೆ ಅಂಕಿ ಅಂಶಗಳು ಉತ್ತರ ಕೊಡುತ್ತವೆ. ಆದರೆ ಇನ್ನೊಂದು ಆಕ್ಷೇಪವಿದೆ, ಅದಕ್ಕೆ ಅಂಕಿ ಅಂಶಗಳಿಂದ ಉತ್ತರ ದೊರೆಯದು. ಹಣ ಪಡೆದ ಹಳ್ಳಿಗರು ಆಡು, ಕೋಳಿಗಳನ್ನೂ ಕೊಳ್ಳುತ್ತಾರೆ. ಮಧ್ಯಪ್ರದೇಶದ ಆ ಹಳ್ಳಿಗಳಲ್ಲಿ ಜಾನುವಾರುಗಳ ಸಂಖ್ಯೆ ಹೆಚ್ಚಿತು. ಬುಡಕಟ್ಟಿನವರ ಊಟದಲ್ಲಿ ಬೇಳೆ, ತರಕಾರಿಗಳೊಂದಿಗೆ ಮೊಟ್ಟೆ, ಮಾಂಸಗಳೂ ಹೆಚ್ಚಿದವು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಹಿಂಸೆಯನ್ನು ಬಿಡಲು ಹಂಬಲಿಸುವ ಶ್ರಾವಕನು ತಾನು ಕೊಟ್ಟ ಹಣ ಆ ಆಡಿನ ಕತ್ತಿನವರೆಗೆ ಹೋಗಬಹುದೆಂದು ತಿಳಿದೂ ಕೊಡಬಹುದೇ? ಅಕ್ಕಿಯನ್ನು ಕೊಟ್ಟರೆ ಈ ದೋಷ ತಪ್ಪುವುದಲ್ಲವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಮೂರು ಮಾತುಗಳನ್ನು ವಿಚಾರಿಸಬೇಕು. ಮೊದಲನೆಯದಾಗಿ, ಅಕ್ಕಿ ಕೊಟ್ಟರೆ ದೋಷ ತಪ್ಪುವುದೆಂಬುದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ. ಮನೆಗೆ ಐವತ್ತು ಕಿಲೋ ಅಕ್ಕಿ ಬಂದರೆ ಅಕ್ಕಿಗೆಂದು ಇಟ್ಟಿದ್ದ ಹಣ ಉಳಿಯುತ್ತದೆ. ಆ ಉಳಿದ ಹಣ ಎಲ್ಲಿಗೆ ಹೋಯಿತೆಂದು ದಾನಿ ಕೇಳುವುದಿಲ್ಲ. ವಸ್ತುವಿನ ದಾನದಲ್ಲಿ ಹಿಂಸೆ ಇಲ್ಲವಾಗುವುದಿಲ್ಲ, ಕಣ್ಣಿಗೆ ಕಾಣದಾಗುತ್ತದೆ ಅಷ್ಟೆ. ಎರಡನೆಯದಾಗಿ, ಅಂಗಡಿಯ ನೌಕರನಿಗೆ ಸಂಬಳ ಕೊಡುವ ಜೈನ ವರ್ತಕನು ಅವನ ಮನೆಯಲ್ಲಿ ಏನು ಬೇಯುತ್ತದೆಂದು ವಿಚಾರಿಸಿ ಸಂಬಳವನ್ನು ತಡೆಹಿಡಿಯುವುದಿಲ್ಲ. ದುಡಿಮೆಯ ಹಣ ಅವನದಾಯಿತು, ಅದರ ವಿನಿಯೋಗದ ಪುಣ್ಯಪಾಪಗಳೂ ಅವನವಾದವು. ಮೂರನೆಯದಾಗಿ, ದಾನದ ಲಕ್ಷಣವನ್ನು ಹೇಳುವಾಗ ಆಚಾರ್ಯರು ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದೇ ದಾನವೆಂದು ನಿರೂಪಿಸಿದರು. ಅನುಗ್ರಹವೆಂದರೆ ತನಗೂ ಪರರಿಗೂ ಆಗುವ ಉಪಕಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವ್ಯಾಖ್ಯಾನಿಸಿದರು. ಪರನಿಗೆ ಆಗುವ ಉಪಕಾರ ಸ್ಪಷ್ಟವಾಗಿದೆ. ತನಗೆ ಆಗುವ ಉಪಕಾರ ಯಾವುದು? ಅದು ಮಮತ್ವದ ಕ್ಷಯ. ಹಣವನ್ನು ಕೊಟ್ಟು ಅದರ ಮೇಲಿನ ಅಧಿಕಾರವನ್ನು ಕೈಯಲ್ಲಿಯೇ ಇಟ್ಟುಕೊಂಡವನು ತಿಜೋರಿಯನ್ನು ಬರಿದು ಮಾಡಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಂತೆ. ಪರಿಗ್ರಹವು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂದು ಸಾರುವ ಧರ್ಮಕ್ಕೆ ಆ ಬೀಗದ ಕೈಯೂ ಪರಿಗ್ರಹವೇ.

ಹೀಗೆಂದ ಮಾತ್ರಕ್ಕೆ ಮನಸ್ಸಿನ ಕಸಿವಿಸಿ ಪೂರ್ತಿಯಾಗಿ ಅಳಿಯುವುದಿಲ್ಲ, ಅಳಿಯಬೇಕಾಗಿಯೂ ಇಲ್ಲ. ಆಡಿನ ಜೀವದ ಬಗ್ಗೆ ಆ ನೋವು ಶ್ರಾವಕನಲ್ಲಿ ಉಳಿಯುವುದೇ ಒಳ್ಳೆಯದು. ಆದರೆ ಅದಕ್ಕೆ ತಕ್ಕ ಉಪಾಯ ಶಾಸ್ತ್ರದಾನ. ಸದ್ಬೋಧೆಯಿಂದ, ತನ್ನ ನಡತೆಯ ಮಾದರಿಯಿಂದ ಪರರ ಮನಸ್ಸನ್ನು ಅಹಿಂಸೆಯ ಕಡೆಗೆ ತಿರುಗಿಸಬೇಕೇ ಹೊರತು ಹಸಿದವನ ತುತ್ತಿಗೆ ಷರತ್ತು ಹಾಕಿ ಅಲ್ಲ. ಭಯದಿಂದ ಬಿಟ್ಟ ಮಾಂಸ ವ್ರತವಾಗುವುದಿಲ್ಲ. ಕರುಣಾದಾನದಲ್ಲಿ ಪಾತ್ರಾಪಾತ್ರ ವಿಚಾರ ಮುಖ್ಯವಲ್ಲ, ದುಃಖವೇ ಅಲ್ಲಿ ಯೋಗ್ಯತೆ ಎಂಬುದು ಪರಂಪರೆ ಒಪ್ಪಿಕೊಂಡ ಮಾತು.

ನಗದು ನೆರವಿಗೂ ಮಿತಿಯುಂಟು. ಹಣವು ಔಷಧವನ್ನು ಕೊಳ್ಳಬಲ್ಲದು, ವೈದ್ಯನಿಲ್ಲದ ಊರಿಗೆ ವೈದ್ಯನನ್ನು ತರಲಾರದು. ಶಾಲೆಯ ಶುಲ್ಕವನ್ನು ಕಟ್ಟಬಲ್ಲದು, ಶಾಲೆಯನ್ನು ಕಟ್ಟಲಾರದು. ನೆರೆ ಬಂದು ಅಂಗಡಿಗಳೇ ಕೊಚ್ಚಿಹೋದ ವಾರದಲ್ಲಿ ಅನ್ನದ ಪೊಟ್ಟಣವೇ ಬೇಕು, ನೋಟಿನ ಕಂತೆಯಲ್ಲ. ಒಂದು ಬೀದಿಯಲ್ಲಿ ನಾಲ್ಕು ಮನೆಗೆ ಕೊಟ್ಟು ಐದನೆಯ ಮನೆಯನ್ನು ಬಿಟ್ಟರೆ ಅಸೂಯೆ ಹುಟ್ಟುತ್ತದೆ. ಮಧ್ಯಪ್ರದೇಶದ ಪ್ರಯೋಗದಲ್ಲಿ ಊರಿನ ಎಲ್ಲರಿಗೂ ಕೊಟ್ಟದ್ದರಲ್ಲಿ ಈ ದೃಷ್ಟಿಯಿಂದಲೂ ಜಾಣ್ಮೆಯಿದೆ. ಆದುದರಿಂದ ಟ್ರಸ್ಟುಗಳು ತಮ್ಮ ಪಾಠಶಾಲೆ, ಔಷಧಾಲಯ, ವಿದ್ಯಾರ್ಥಿನಿಲಯಗಳನ್ನು ಮುಚ್ಚಿ ಆ ಹಣವನ್ನು ಹಂಚಬೇಕೆಂದು ಇದರ ಅರ್ಥವಲ್ಲ. ವರ್ಷಕ್ಕೊಮ್ಮೆ ಹಂಚುವ ಅಕ್ಕಿ, ಕಂಬಳಿಗಳ ಬಾಬ್ತಿನಲ್ಲಿ ಒಂದು ಪಾಲನ್ನಾದರೂ ತೆಗೆದಿಟ್ಟು, ಬಸದಿಯ ಆಸುಪಾಸಿನ ಬಡ ಕುಟುಂಬಗಳಿಗೆ ಜಾತಿಮತ ನೋಡದೆ ತಿಂಗಳ ಹಣವಾಗಿ ಕೊಟ್ಟು ನೋಡಬಹುದು.

ಹಾಗೆ ಕೊಡುವುದಾದರೆ ಕೆಲವು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಮೊತ್ತ ಚಿಕ್ಕದಾದರೂ ನಿಶ್ಚಿತವಾಗಿರಲಿ, ದಿನಾಂಕ ತಪ್ಪದಿರಲಿ, ಎಷ್ಟು ತಿಂಗಳು ಕೊಡಲಾಗುವುದೆಂಬುದನ್ನು ಮೊದಲೇ ತಿಳಿಸಿರಲಿ. ಮನೆಯ ಹೆಂಗಸಿನ ಖಾತೆಗೆ ನೇರವಾಗಿ ಹೋಗಲಿ. ಟ್ರಸ್ಟಿನ ಲೆಕ್ಕಪತ್ರ ಪೈಸೆಪೈಸೆಗೂ ಸ್ಪಷ್ಟವಾಗಿರಲಿ, ಆದರೆ ಪಡೆದವರ ಮನೆಯ ಖರ್ಚಿನ ಲೆಕ್ಕವನ್ನು ಯಾರೂ ಕೇಳದಿರಲಿ. ವೇದಿಕೆಗೆ ಕರೆದು, ಕೈಚಾಚಿಸಿ, ಭಾವಚಿತ್ರ ತೆಗೆಯಿಸುವ ಪದ್ಧತಿ ಇಲ್ಲಿ ಬೇಡ. ಕೊಡುವಾಗ ಆದರವಿಲ್ಲದಿರುವುದನ್ನೂ ಇನ್ನೊಬ್ಬ ದಾತಾರನ ಗುಣವನ್ನು ಸಹಿಸದಿರುವುದನ್ನೂ ಪೂಜ್ಯಪಾದರು ‘ಮಾತ್ಸರ್ಯ’ವೆಂಬ ಒಂದೇ ಅತಿಚಾರದಲ್ಲಿ ಸೇರಿಸಿದ್ದಾರೆ. ಆ ದೋಷವೆರಡೂ ವೇದಿಕೆಯ ಮೇಲೆ ಸುಲಭವಾಗಿ ಬೆಳೆಯುವಂಥವು.

ದಾನಿಯ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಎಂಬುದು ಲೋಕದ ಮಾತು. ಖಾತೆಗೆ ಸದ್ದಿಲ್ಲದೆ ಸೇರುವ ಹಣದಲ್ಲಿ ಎರಡು ಕೈಗಳೂ ಕಾಣುವುದಿಲ್ಲ. ಅಂದು ಸಂಜೆ ಯಾವುದೋ ಹಳ್ಳಿಯ ತಾಯಿಯೊಬ್ಬಳು ಮನೆಗೆ ಏನು ಬೇಕೆಂಬುದನ್ನು ಯಾರ ಅಪ್ಪಣೆಯನ್ನೂ ಕೇಳದೆ ತಾನೇ ನಿರ್ಣಯಿಸುತ್ತಾಳೆ. ಆ ನಿರ್ಣಯದ ಸ್ವಾತಂತ್ರ್ಯವೂ ಅವಳಿಗೆ ಕೊಟ್ಟ ದಾನದ ಒಂದು ಭಾಗವೇ ಎಂಬುದನ್ನು ಶ್ರಾವಕ ಸಮಾಜವು ವಿಚಾರಿಸುವುದು ಯುಕ್ತ.